ಬಡ ಬಾಲೆಯರಿಗೊಂದು ತವರು

ಹೆಂಡತಿಗೆ ಸಂಸ್ಕೃತವನ್ನು ಕಲಿಸಿದರೆಂಬ ಕಾರಣಕ್ಕಾಗಿ ಪಂಡಿತವರ್ಗದ ಆಕ್ಷೇಪಕ್ಕೆ ಗುರಿಯಾಗಿ, ಊರಿನ ಸಹವಾಸವನ್ನೇ ತೊರೆದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನೊಳಗೆ ಆಶ್ರಮ ಕಟ್ಟಿಕೊಂಡಿದ್ದ ಅನಂತಶಾಸ್ತ್ರಿ ಡೋಂಗ್ರೆಯವರಿಗೆ 1858ರ ಏಪ್ರಿಲ್ ತಿಂಗಳಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಶಾಸ್ತ್ರಿಗಳು ಕಾರ್ಕಳದ ಬಳಿಯ ಮಾಳದವರು. ಬಂದ ಅತಿಥಿಗಳಿಗೂ ವಿದ್ಯಾರ್ಥಿಗಳಿಗೂ ಅನ್ನವಿಕ್ಕಿ ಇದ್ದುದೆಲ್ಲ ಕರಗಿಹೋಗಲು, ಮಗು ಇನ್ನೂ ಎಳೆಗೂಸಾಗಿದ್ದಾಗಲೇ ಆ ಕುಟುಂಬ ಕಾಡಿನಿಂದ ಹೊರಟು, ಕ್ಷೇತ್ರದಿಂದ ಕ್ಷೇತ್ರಕ್ಕೆ, ದೇವಾಲಯದಿಂದ ದೇವಾಲಯಕ್ಕೆ, ಪುರಾಣಪಠನವನ್ನೇ ಜೀವಿಕೆಯಾಗಿ ಮಾಡಿಕೊಂಡು ಅಲೆಯತೊಡಗಿತು. ಮುಂದೆ ಕಲ್ಕತ್ತೆಯ ವಿದ್ವತ್ಸಭೆಯಲ್ಲಿ ‘ಪಂಡಿತಾ’ ಎಂಬ ಬಿರುದನ್ನು ಪಡೆದು ದೇಶವನ್ನೆಲ್ಲ ಬೆರಗುಗೊಳಿಸಿದ ರಮಾಬಾಯಿ ಈ ಮಗುವೇ. ಆದರೆ ದಿಕ್ಕಿಲ್ಲದ ಬಡ ಹೆಣ್ಣುಮಕ್ಕಳಿಗೆ ಮನೆಯೊಂದನ್ನು ಒದಗಿಸುವುದೆಂದರೆ ಏನೆಂಬ ವಿಚಾರವನ್ನೆತ್ತಿಕೊಂಡಾಗ ಅವರು ಮೊದಲು ನೆನಪಿಗೆ ಬರುವುದು ಆ ಬಿರುದಿನಿಂದಲ್ಲ. ಮನೆಯೆಂಬುದೇ ಇಲ್ಲದೆ ಬೆಳೆದ ಮಗು ಅವರು ಎಂಬುದರಿಂದ.

ದಕ್ಷಿಣದೇಶವನ್ನು ಕ್ಷಾಮ ಆವರಿಸಿದಾಗ ಈ ಕುಟುಂಬ ಕಾಡಿನ ಸೊಪ್ಪನ್ನು ತಿಂದು ದಿನಗಳನ್ನು ನೂಕಿತು. ಮೊದಲು ತಂದೆ, ಆಮೇಲೆ ತಾಯಿ, ಅನಂತರ ಅಕ್ಕ, ಹೀಗೆ ಒಬ್ಬೊಬ್ಬರಾಗಿ ತೀರಿಕೊಂಡರು. ತಾಯಿಯ ಶವಕ್ಕೆ ಹೆಗಲು ಕೊಡಲು ಜನ ಸಾಲದೆ ರಮಾಬಾಯಿಯೇ ನಾಲ್ಕನೆಯವರಾಗಿ ನಿಲ್ಲಬೇಕಾಯಿತೆಂದೂ, ಎತ್ತರ ಸಾಲದ್ದರಿಂದ ಚಟ್ಟದ ಕೊನೆಯನ್ನು ತಲೆಯ ಮೇಲೆ ಹೊತ್ತರೆಂದೂ ಅವರೇ ಬರೆದಿಟ್ಟಿದ್ದಾರೆ. ಉಳಿದ ಅಣ್ಣನೂ ಕೆಲವೇ ವರ್ಷಗಳಲ್ಲಿ ಹೋದನು; ವಂಗದೇಶದಲ್ಲಿ ಕೈಹಿಡಿದ ಪತಿ, ಮದುವೆಯಾಗಿ ಎರಡು ವರ್ಷ ತುಂಬುವಷ್ಟರಲ್ಲಿ, 1882ರಲ್ಲಿ ಕಾಲರಾ ರೋಗಕ್ಕೆ ತುತ್ತಾದರು. ಇಪ್ಪತ್ತನಾಲ್ಕರ ಪ್ರಾಯದ ವಿಧವೆಯಾಗಿ, ಕಂಕುಳಲ್ಲಿ ಮನೋರಮೆಯೆಂಬ ಕೂಸನ್ನೆತ್ತಿಕೊಂಡು ಪುಣೆಗೆ ಬಂದ ಈ ವಿದುಷಿಗೆ, ಗಂಡನ ಮನೆಯೂ ತವರೂ ಎರಡೂ ಇಲ್ಲದ ಹೆಣ್ಣಿನ ಸ್ಥಿತಿಯನ್ನು ಪುಸ್ತಕದಿಂದ ತಿಳಿಯಬೇಕಾದ ಅಗತ್ಯವಿರಲಿಲ್ಲ.

ಇಂಗ್ಲೆಂಡಿಗೆ ಹೋಗಿ, ಅಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿ, ಅಮೆರಿಕದಲ್ಲಿ ಊರೂರು ತಿರುಗಿ ಉಪನ್ಯಾಸಗಳಿಂದ ಧನಸಂಗ್ರಹ ಮಾಡಿ ಹಿಂದಿರುಗಿದ ಮೇಲೆ, ರಮಾಬಾಯಿಯವರು 1889ರ ಮಾರ್ಚ್ ತಿಂಗಳಲ್ಲಿ ಮುಂಬಯಿಯಲ್ಲಿ ‘ಶಾರದಾ ಸದನ’ವನ್ನು ತೆರೆದರು. ಬಾಲವಿಧವೆಯರಿಗೆ ಊಟ, ವಸತಿ, ವಿದ್ಯೆಗಳನ್ನು ಕೊಡುವ ಈ ಗೃಹ ಮರುವರ್ಷ ಪುಣೆಗೆ ವರ್ಗವಾಯಿತು. ರಾನಡೆ, ಭಂಡಾರ್ಕರ್ ಮೊದಲಾದ ಮಹನೀಯರು ಸಲಹಾಮಂಡಲಿಯಲ್ಲಿದ್ದರು. ಮತದ ವಿಷಯದಲ್ಲಿ ತಟಸ್ಥವಾಗಿರುವುದೆಂಬುದು ಒಪ್ಪಂದ. 1893ರಲ್ಲಿ, ಆ ಒಪ್ಪಂದ ಮುರಿಯಿತೆಂದು ದೊಡ್ಡ ಕೋಲಾಹಲವೆದ್ದು, ‘ಕೇಸರಿ’ ಪತ್ರಿಕೆ ಉಗ್ರವಾಗಿ ಬರೆದು, ಸಲಹೆಗಾರರು ರಾಜೀನಾಮೆಯಿತ್ತು, ಹಲವು ತಂದೆತಾಯಿಗಳು ಹುಡುಗಿಯರನ್ನು ಬಿಡಿಸಿಕೊಂಡು ಹೋದರು.

ಈ ಕೋಲಾಹಲದ ಬುಡದಲ್ಲಿದ್ದ ಸಂಗತಿ ಬಹು ಸಣ್ಣದಾದರೂ ನಮ್ಮ ವಿಷಯಕ್ಕೆ ಬಲು ಮುಖ್ಯವಾದುದು. ರಮಾಬಾಯಿಯವರು ತಮ್ಮ ಕೋಣೆಯ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಸ್ವಂತ ಮಗಳಾದ ಮನೋರಮೆ ಹೊತ್ತುಗೊತ್ತಿಲ್ಲದೆ ತಾಯಿಯ ಬಳಿಗೆ ಬಂದು ಕೂಡುವಂತೆ ಸದನದ ಹುಡುಗಿಯರೂ ಬರುತ್ತಿದ್ದರು. ರಮಾಬಾಯಿಯವರು ಪ್ರಾರ್ಥನೆ ಮಾಡುವ ಹೊತ್ತಿಗೆ ಬಂದವರು ಪಕ್ಕದಲ್ಲೇ ಕುಳಿತುಬಿಡುತ್ತಿದ್ದರು. ವಸತಿಗೃಹದ ಮೇಲ್ವಿಚಾರಕಿಯಾದವಳು ತನ್ನ ಕೋಣೆಗೆ ಅಗುಳಿ ಹಾಕಿ ಒಪ್ಪಂದವನ್ನು ಪಾಲಿಸಬಹುದು. ತಾಯಿಯ ಸ್ಥಾನದಲ್ಲಿ ನಿಲ್ಲಹೊರಟವಳು ಹಾಗೆ ಮಾಡಲಾರಳು. ಆಕೆಯ ನಂಬಿಕೆ, ಆಕೆಯ ಸಿಟ್ಟು, ಆಕೆಯ ಅಡುಗೆಯ ರುಚಿ ಎಲ್ಲವೂ ಮಕ್ಕಳಿಗೆ ಅಂಟುತ್ತವೆ. ಮನೆಯೆಂಬುದು ತಟಸ್ಥವಾಗಿರುವುದು ಅಸಾಧ್ಯವೆಂಬ ಈ ತೊಡಕು ಆಗಲೂ ಇತ್ತು, ಇಂದಿಗೂ ಪರಿಹಾರವಾಗಿಲ್ಲ. ಮಕ್ಕಳ ಮತವನ್ನು ಅವರ ಅಸಹಾಯಕತೆಯ ಕಾಲದಲ್ಲಿ ಬದಲಿಸುವುದು ನ್ಯಾಯವೇ ಎಂದು ಕೇಳಿದವರ ಪ್ರಶ್ನೆಯನ್ನು ನಾನು ಹಗುರವೆಂದು ತಿಳಿಯುವುದಿಲ್ಲ. ಆದರೆ ಕೇಳಿದವರಲ್ಲಿ ಬಹುಮಂದಿ ಅದೇ ಹುಡುಗಿಯರಿಗಾಗಿ ಬೇರೊಂದು ಬಾಗಿಲನ್ನು ತೆರೆಯಲಿಲ್ಲವೆಂಬುದನ್ನೂ ಹೇಳಲೇಬೇಕು. ತೆರೆದವರಲ್ಲಿ ಒಬ್ಬರು ಧೋಂಡೋ ಕೇಶವ ಕರ್ವೆ. ಶಾರದಾ ಸದನದಲ್ಲಿ ಓದಿದ ವಿಧವೆ ಗೋದೂಬಾಯಿಯವರನ್ನು ಅದೇ 1893ರಲ್ಲಿ ವರಿಸಿ, ಅದಕ್ಕಾಗಿ ಹುಟ್ಟೂರಿನಲ್ಲಿ ಬಹಿಷ್ಕಾರವನ್ನು ಅನುಭವಿಸಿ, 1896ರಲ್ಲಿ ವಿಧವೆಯರಿಗಾಗಿ ತಾವೇ ಒಂದು ಆಶ್ರಮವನ್ನು ಅವರು ಸ್ಥಾಪಿಸಿದರು.

ಮಧ್ಯಪ್ರಾಂತದಲ್ಲಿ ಮತ್ತೆ ಕ್ಷಾಮ ತಲೆದೋರಿದ ಸುದ್ದಿ ಕಿವಿಗೆ ಬಿದ್ದೊಡನೆ ರಮಾಬಾಯಿಯವರು ಹೊರಟುನಿಂತರು. ಹಸಿದ ಊರುಗಳಲ್ಲಿ ಅನ್ನಕ್ಕಾಗಿ ಕೈಚಾಚಿದ ಹುಡುಗಿಯರನ್ನು ಸಾಗಿಸಿಕೊಂಡು ಹೋಗಲು ಕಾದಿದ್ದ ದುಷ್ಟರನ್ನು ಅವರು ಕಣ್ಣಾರೆ ಕಂಡರು. ಸುಮಾರು ಮುನ್ನೂರು ಮಂದಿಯನ್ನು ಕರೆತಂದದ್ದಾಯಿತು. ಆದರೆ ಅದೇ ಸಮಯಕ್ಕೆ ಪುಣೆಗೆ ಪ್ಲೇಗು ಬಂದು, ಊರೊಳಗೆ ಅಷ್ಟು ಜನರನ್ನಿರಿಸಲು ಅಧಿಕಾರಿಗಳು ಒಪ್ಪದೆ ಹೋದುದರಿಂದ, ಹಣ್ಣಿನ ತೋಟಕ್ಕೆಂದು ಕೊಂಡಿದ್ದ ಕೇಡ್‌ಗಾಂವ್‌ನ ಬಯಲಿಗೆ ಆ ಮಕ್ಕಳನ್ನು ಸಾಗಿಸಬೇಕಾಯಿತು. ‘ಮುಕ್ತಿ’ ಎಂಬ ಹೆಸರಿನ ನೆಲೆ ಹುಟ್ಟಿದ್ದು ಹೀಗೆ. ಶಾರದಾ ಸದನದಲ್ಲಿ ಓದಿ ಬೆಳೆದ ವಿಧವೆಯರು ಈ ಹೊಸ ಮಕ್ಕಳ ಆರೈಕೆಗೆ ಮುಂದಾದರು. ಬಾವಿ ತೋಡಿದರು, ಮಗ್ಗ, ಎಣ್ಣೆಗಾಣ, ಮುದ್ರಣಾಲಯ ಬಂದವು. ಗುಜರಾತಿನ ಕ್ಷಾಮದ ತರುವಾಯ, 1900ರ ಹೊತ್ತಿಗೆ, ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಸಮೀಪಕ್ಕೆ ಬಂದಿತ್ತು. ಇದರ ಕೊಂಬೆಯೊಂದು ನಮ್ಮ ನಾಡಿಗೂ ಚಾಚಿತು: ಆಗ ನಿಜಾಮರ ಸೀಮೆಯಲ್ಲಿದ್ದ ಗುಲ್ಬರ್ಗದಲ್ಲಿ ಮನೋರಮಾಬಾಯಿಯವರು 1912ರ ಸುಮಾರಿಗೆ ಶಾಲೆಯೊಂದನ್ನು ತೆರೆದರು.

ಎರಡು ಸಾವಿರ ಜನರ ನೆಲೆಯನ್ನು ಮನೆಯೆನ್ನಬಹುದೆ? ಎನ್ನಲಾಗದೆಂದೇ ನನ್ನ ಎಣಿಕೆ. ಅದು ಹಸಿವಿನಿಂದ ಉಳಿಸಿದ ಊರು. ಆ ಕಾಲಕ್ಕೆ ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದು ಅನ್ಯಾಯ. ಮದರಾಸಿನಲ್ಲಿ ಸುಬ್ಬಲಕ್ಷ್ಮಿಯವರು 1912ರಲ್ಲಿ, ಧಾರವಾಡದಲ್ಲಿ ಭಾಗೀರಥಿಬಾಯಿ ಪುರಾಣಿಕರು 1928ರಲ್ಲಿ ‘ವನಿತಾ ಸೇವಾ ಸಮಾಜ’ದ ಮೂಲಕ, ಇಂಥದೇ ಕಾರ್ಯವನ್ನು ಸಣ್ಣ ಪ್ರಮಾಣದಲ್ಲಿ ಕೈಗೊಂಡರು. ಅವರಿಬ್ಬರೂ ಬಾಲ್ಯದಲ್ಲೇ ವೈಧವ್ಯವನ್ನು ಕಂಡವರಾಗಿದ್ದುದು ಆಕಸ್ಮಿಕವಲ್ಲ.

ಸಣ್ಣದಾದ ಮನೆಯೇ ಬೇಕೆಂಬುದನ್ನು ಒಂದು ವ್ಯವಸ್ಥೆಯಾಗಿ ರೂಪಿಸಿದ ಕೀರ್ತಿ ಬಹುಮಟ್ಟಿಗೆ ಆಸ್ಟ್ರಿಯಾದ ಹೆರ್ಮಾನ್ ಗ್ಮೈನರ್ ಎಂಬಾತನಿಗೆ ಸಲ್ಲುತ್ತದೆ. ಐದು ವರ್ಷದವನಾಗಿದ್ದಾಗ ತಾಯಿಯನ್ನು ಕಳೆದುಕೊಂಡು ಹಿರಿಯಕ್ಕನ ಕೈಯಲ್ಲಿ ಬೆಳೆದ ಈತ, ಎರಡನೆಯ ಮಹಾಯುದ್ಧ ಅನಾಥರನ್ನಾಗಿಸಿದ ಮಕ್ಕಳನ್ನು ದೊಡ್ಡ ದೊಡ್ಡ ಅನಾಥಾಲಯಗಳಲ್ಲಿ ಸಾಲುಮಂಚಗಳ ಮೇಲೆ ಮಲಗಿಸುವುದನ್ನು ಒಪ್ಪದೆ, 1949ರಲ್ಲಿ ಟಿರೋಲ್ ಸೀಮೆಯ ಇಮ್ಸ್ಟ್ ಎಂಬಲ್ಲಿ ಮೊದಲ ಎಸ್‌ಓಎಸ್ ಮಕ್ಕಳ ಗ್ರಾಮಕ್ಕೆ ಬುನಾದಿ ಹಾಕಿದನು. ಅವನ ಸೂತ್ರ ನಾಲ್ಕೇ ಮಾತಿನದು: ಒಬ್ಬ ತಾಯಿ, ಒಡಹುಟ್ಟಿದವರು, ಒಂದು ಮನೆ, ಸುತ್ತ ಒಂದು ಗ್ರಾಮ. ಒಡಹುಟ್ಟಿದ ಅಕ್ಕತಂಗಿಯರನ್ನೂ ಅಣ್ಣತಮ್ಮಂದಿರನ್ನೂ ಅಗಲಿಸಕೂಡದೆಂಬ ಕಟ್ಟಳೆ ಇದರಲ್ಲಿ ಎಲ್ಲಕ್ಕಿಂತ ಶ್ರೇಷ್ಠವೆಂದು ನನಗೆ ತೋರುತ್ತದೆ. ಏಕೆಂದರೆ ತಾಯಿಯನ್ನು ಕಳೆದುಕೊಂಡ ತಂಗಿಗೆ ಅಕ್ಕನೂ ಇಲ್ಲವಾದರೆ ತಾನು ಯಾರ ಮಗಳೆಂದು ನೆನಪಿಸುವವರೇ ಉಳಿಯುವುದಿಲ್ಲ. ನಮ್ಮ ದೇಶದಲ್ಲಿ ಈ ಗ್ರಾಮಗಳು 1964ರಲ್ಲಿ ದಿಲ್ಲಿಯ ಸಮೀಪದ ಫರೀದಾಬಾದಿನಲ್ಲಿ ಆರಂಭವಾಗಿ ಮುಂದೆ ಬೆಂಗಳೂರಿಗೂ ಬಂದವು. ಈ ವ್ಯವಸ್ಥೆಯೂ ಕಳಂಕರಹಿತವಲ್ಲ. ಕೆಲವು ದೇಶಗಳಲ್ಲಿನ ತನ್ನ ಗ್ರಾಮಗಳಲ್ಲಿ ಮಕ್ಕಳಿಗೆ ಘೋರ ಅನ್ಯಾಯವಾಗಿತ್ತೆಂಬುದನ್ನು ಆ ಸಂಸ್ಥೆಯೇ 2021ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು.

ಸಾಲುಮಂಚದ ಪೋಷಣೆ ಮಗುವಿನ ಮನಸ್ಸಿಗೆ ಹಾನಿಕರವೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಗಾಗಿ ಜಾನ್ ಬೌಲ್ಬಿ ಎಂಬ ಮನೋವೈದ್ಯರು 1951ರಲ್ಲೇ ವರದಿ ಮಾಡಿದ್ದರು. ಇದಕ್ಕೆ ನೇರವಾದ ಪ್ರಮಾಣ ಒದಗಿದ್ದು ರುಮೇನಿಯದ ರಾಜಧಾನಿ ಬುಖಾರೆಸ್ಟಿನಲ್ಲಿ. ಅಲ್ಲಿನ ಅನಾಥಾಲಯಗಳಲ್ಲಿದ್ದ 136 ಶಿಶುಗಳಲ್ಲಿ ಅರ್ಧದಷ್ಟನ್ನು ಚೀಟಿಯೆತ್ತಿದಂತೆ ಆರಿಸಿ ಪೋಷಕ ಕುಟುಂಬಗಳಿಗೆ ಕೊಟ್ಟು, ಉಳಿದವರೊಡನೆ ಹೋಲಿಸುತ್ತ ಬಂದ ಸಂಶೋಧಕರಿಗೆ, ಕುಟುಂಬ ಸೇರಿದ ಮಕ್ಕಳ ಬುದ್ಧಿಯೂ ಭಾವವೂ ಹೆಚ್ಚು ಚೆನ್ನಾಗಿ ಅರಳಿದುದು, ಅದರಲ್ಲಿಯೂ ಎರಡು ವರ್ಷ ತುಂಬುವ ಮೊದಲೇ ಸೇರಿದವರಲ್ಲಿ ಈ ವ್ಯತ್ಯಾಸ ಎದ್ದುಕಾಣುವಂತಿದ್ದುದು, ಸ್ಪಷ್ಟವಾಯಿತು. ನಮ್ಮ ಅಜ್ಜಿಯರಿಗೆ ಈ ಪ್ರಯೋಗದ ಅಗತ್ಯವಿರಲಿಲ್ಲವೆನ್ನಬಹುದು; ಆದರೆ ಸರ್ಕಾರಗಳಿಗೆ ಇತ್ತು.

ಹೆಣ್ಣುಮಕ್ಕಳ ವಿಷಯದಲ್ಲಿ ಮನಸ್ಸಿನ ಬೆಳವಣಿಗೆಗಿಂತ ಮೊದಲು ಎದುರಾಗುವ ಪ್ರಶ್ನೆ ಸುರಕ್ಷತೆಯದು. ಎತ್ತರವಾದ ಗೋಡೆ, ಬೀಗ ಹಾಕಿದ ಗೇಟು, ಒಬ್ಬ ಕಾವಲುಗಾರ, ಇಷ್ಟಿದ್ದರೆ ಹುಡುಗಿಯರು ಕ್ಷೇಮವೆಂದು ನಾವು ಭಾವಿಸುವುದು ವಾಡಿಕೆ. ಬಿಹಾರದ ಮುಜಫ್ಫರಪುರದ ಬಾಲಿಕಾ ಗೃಹಕ್ಕೆ ಇವೆಲ್ಲವೂ ಇದ್ದುವು. ಸರ್ಕಾರದ ಅನುದಾನದಿಂದ ನಡೆಯುತ್ತಿದ್ದ ಆ ಗೃಹದಲ್ಲಿ ಮೂವತ್ತಕ್ಕೂ ಹೆಚ್ಚು ಬಾಲೆಯರ ಮೇಲೆ ನಡೆದ ಅತ್ಯಾಚಾರಗಳು 2018ರಲ್ಲಿ ಬೆಳಕಿಗೆ ಬಂದುದು, ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ತಂಡ ಪರಿಶೀಲನೆಗೆಂದು ಬಂದು ಆ ಹುಡುಗಿಯರೊಡನೆ ಕುಳಿತು ಮಾತನಾಡಿದುದರಿಂದ. 2020ರಲ್ಲಿ ದಿಲ್ಲಿಯ ನ್ಯಾಯಾಲಯ 19 ಮಂದಿಯನ್ನು ಅಪರಾಧಿಗಳೆಂದು ನಿರ್ಣಯಿಸಿತು. ಗೋಡೆ ಹೊರಗಿನವರನ್ನು ತಡೆದಂತೆ ಒಳಗಿನ ಕೂಗನ್ನೂ ತಡೆಯುತ್ತದೆ. ಹುಡುಗಿಯ ನಿಜವಾದ ರಕ್ಷೆಯೆಂದರೆ ಅವಳ ಮುಖ ಬಾಡಿದುದನ್ನು ಗುರುತಿಸುವ, ಶಾಲೆಯಿಂದ ಅರ್ಧ ಗಂಟೆ ತಡವಾದರೆ ಬೀದಿಯ ತುದಿಗೆ ಬಂದು ನೋಡುವ, ಅವಳು ಹೇಳಿದುದನ್ನು ನಂಬುವ ಒಬ್ಬ ಹಿರಿಯ ಜೀವ. ನೂರು ಮಕ್ಕಳಿಗೆ ಇಬ್ಬರು ಆಯಾಗಳಿರುವಲ್ಲಿ, ಅವರು ಎಷ್ಟೇ ಒಳ್ಳೆಯವರಾಗಿದ್ದರೂ, ಇದು ಸಾಧ್ಯವಾಗುವುದಿಲ್ಲ.

ಹಾಗಾದರೆ ಈ ಹಿರಿಯ ಜೀವವನ್ನು ಎಲ್ಲಿ ಹುಡುಕಬೇಕು? ಮೊದಲು ಹುಡುಗಿಯ ಸ್ವಂತ ಮನೆಯಲ್ಲಿಯೇ. ಆಶ್ರಯಗೃಹಗಳಲ್ಲಿರುವ ಮಕ್ಕಳೆಲ್ಲ ಅನಾಥರೆಂದು ಹೊರಗಿನವರು ಭಾವಿಸುತ್ತಾರೆ. ತಾಯಿಯೋ ಅಜ್ಜಿಯೋ ಜೀವಂತವಾಗಿದ್ದು, ಬಡತನದ ದೆಸೆಯಿಂದ ಅಲ್ಲಿಗೆ ಬಂದ ಹುಡುಗಿಯರು ಎಷ್ಟೋ ಮಂದಿ. ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಕಬ್ಬು ಕಡಿಯಲೆಂದೋ ಕಟ್ಟಡದ ಕೆಲಸಕ್ಕೆಂದೋ ಗುಳೆ ಹೊರಡುವ ದಂಪತಿಗಳಿಗೆ, ಹನ್ನೆರಡು ಹದಿಮೂರು ತುಂಬಿದ ಮಗಳನ್ನು ಜತೆಗೆ ಕರೆದೊಯ್ದರೆ ಹೊಲದ ಜೋಪಡಿಯಲ್ಲಿ ಅಂಜಿಕೆ, ಊರಿನಲ್ಲಿ ಮುದುಕಿಯ ಬಳಿ ಬಿಟ್ಟರೆ ಇಲ್ಲಿಯೂ ಅಂಜಿಕೆ; ಈ ಎರಡು ಅಂಜಿಕೆಗಳ ನಡುವೆ ಮೂರನೆಯ ಹಾದಿಯಾಗಿ ತೋರುವುದು ಬಾಲ್ಯವಿವಾಹ. ಕರ್ನಾಟಕದಲ್ಲಿ ಬಾಲ್ಯವಿವಾಹ ಕಾನೂನಿನ ದೃಷ್ಟಿಯಲ್ಲಿ ಮೊದಲಿಂದಲೇ ಅಸಿಂಧುವೆಂದು ತಿದ್ದುಪಡಿಯಾಗಿದೆ. ದೇವದಾಸಿ ಸಮರ್ಪಣೆಯನ್ನು 1982ರ ಕಾಯ್ದೆಯೇ ನಿಷೇಧಿಸಿತು. ಆದರೆ ನಿಷೇಧದ ಕಾಗದ ರಾತ್ರಿಯ ಹೊತ್ತು ಹುಡುಗಿಯ ಪಕ್ಕದಲ್ಲಿ ಮಲಗುವುದಿಲ್ಲ. ಬಡತನವೊಂದನ್ನೇ ಕಾರಣವಾಗಿಸಿಕೊಂಡು ಮಗುವನ್ನು ಕುಟುಂಬದಿಂದ ಬೇರ್ಪಡಿಸಕೂಡದೆಂದು ವಿಶ್ವಸಂಸ್ಥೆ 2009ರಲ್ಲಿ ಅಂಗೀಕರಿಸಿದ ಮಾರ್ಗಸೂಚಿ ಹೇಳುತ್ತದೆ. ನಮ್ಮ 2015ರ ಬಾಲನ್ಯಾಯ ಕಾಯ್ದೆಯೂ ಸಂಸ್ಥೆಗೆ ಸೇರಿಸುವುದು ಬೇರೆಲ್ಲ ಉಪಾಯಗಳೂ ಮುಗಿದ ಮೇಲಿನ ಕೊನೆಯ ಉಪಾಯವಾಗಿರಬೇಕೆಂದು ವಿಧಿಸುತ್ತದೆ.

ಇದಕ್ಕಾಗಿಯೇ ‘ಪ್ರಾಯೋಜಕತ್ವ’ ಎಂಬ ಏರ್ಪಾಡು ಇದೆ; ಇದನ್ನು ಬಲ್ಲವರು ವಿರಳ. ಕೇಂದ್ರದ ‘ಮಿಷನ್ ವಾತ್ಸಲ್ಯ’ ಯೋಜನೆಯಡಿಯಲ್ಲಿ, ವಿಧವೆಯೋ ಪರಿತ್ಯಕ್ತೆಯೋ ಆದ ತಾಯಿ ತನ್ನ ಮಗುವನ್ನು ಮನೆಯಲ್ಲೇ ಇರಿಸಿಕೊಂಡು ಓದಿಸಲೆಂದು ತಿಂಗಳಿಗೆ 4,000 ರೂಪಾಯಿಗಳ ನೆರವನ್ನು ಕೊಡಲಾಗುತ್ತದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಇತರೆಡೆಗಳಲ್ಲಿ 96,000 ರೂಪಾಯಿಗಳನ್ನು ಮೀರಿರಬಾರದು. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೊಡತಕ್ಕದ್ದು. ಅಂಗನವಾಡಿಯ ಟೀಚರಮ್ಮನನ್ನು ಕೇಳಿದರೆ ಕಚೇರಿಯ ದಾರಿ ತಿಳಿಯುತ್ತದೆ. ಅಪಾಯದಲ್ಲಿರುವ ಮಗುವನ್ನು ಕಂಡವರು ಯಾರೇ ಆಗಲಿ 1098ಕ್ಕೆ ದೂರವಾಣಿ ಮಾಡಬಹುದು. ಅಂಥ ಮಗುವನ್ನು ಇಪ್ಪತ್ತನಾಲ್ಕು ಗಂಟೆಗಳೊಳಗಾಗಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಒಬ್ಬರು ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ, ಸದಸ್ಯರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕಾದ ಈ ಸಮಿತಿಯೇ ಹುಡುಗಿ ಮನೆಗೆ ಮರಳಬೇಕೋ, ಬಂಧುಗಳ ಬಳಿ ಇರಬೇಕೋ, ಬಾಲಮಂದಿರಕ್ಕೆ ಸೇರಬೇಕೋ ಎಂದು ತೀರ್ಮಾನಿಸುತ್ತದೆ.

ಬಂಧುಗಳೂ ಇಲ್ಲವಾದರೆ ಬಾಲಮಂದಿರಕ್ಕೆ ಮೊದಲು ಪರ್ಯಾಲೋಚಿಸಬೇಕಾದುದು ‘ಪೋಷಕತ್ವ’. ಇದು ದತ್ತಕವಲ್ಲ. ಮಗು ತನ್ನ ಹೆಸರನ್ನೂ ಹೆತ್ತವರ ಸಂಬಂಧವನ್ನೂ ಉಳಿಸಿಕೊಂಡೇ ಇನ್ನೊಂದು ಕುಟುಂಬದಲ್ಲಿ ಬೆಳೆಯುತ್ತದೆ. ಹೆತ್ತವರಿದ್ದರೆ ಬಂದು ನೋಡಬಹುದು. ಒಡಹುಟ್ಟಿದವರನ್ನು ಕೂಡಿಯೇ ಇರಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. 2024ರ ಮಾದರಿ ಮಾರ್ಗಸೂಚಿಗಳು ಒಂಟಿ ಮಹಿಳೆಯರಿಗೂ ಈ ಅವಕಾಶವನ್ನಿತ್ತಿವೆ. ಎರಡು ವರ್ಷ ಸಾಕಿದವರು, ಮಗು ಕಾನೂನಿನಂತೆ ದತ್ತಕಕ್ಕೆ ಅರ್ಹವಾಗಿದ್ದರೆ, ಅದನ್ನೇ ದತ್ತು ಪಡೆಯಲೂ ಬಹುದು. ನಮ್ಮ ಜನ ಇದಕ್ಕೆ ಹಿಂಜರಿಯುವುದು ಔದಾರ್ಯದ ಅಭಾವದಿಂದಲ್ಲ. ‘ಯಾರ ಮಗಳೋ, ನಾಳೆ ಏನಾದರೂ ಆದರೆ ನಮ್ಮ ತಲೆಗೆ ಬರುತ್ತದೆ’ ಎಂಬ ಭಯದಿಂದ. ಇನ್ನೊಂದು ಭಯವನ್ನು ಸಮಿತಿಯವರು ಪಡಬೇಕು: ಸಾಕಲು ಕರೆತಂದ ಹುಡುಗಿ ಸಂಬಳವಿಲ್ಲದ ಕೆಲಸದವಳಾಗುವ ಭಯ. ಸಂಜೆಯ ಹೊತ್ತು ಆ ಮನೆಗೆ ಹೋಗಿ, ಮನೆಯ ಮಗಳು ಪುಸ್ತಕ ಹಿಡಿದಿರುವಾಗ ಇವಳು ಪಾತ್ರೆ ತಿಕ್ಕುತ್ತಿದ್ದಾಳೆಯೇ ಎಂದು ನೋಡಿದರೆ, ಯಾವ ನಮೂನೆಯ ಪತ್ರವೂ ತಿಳಿಸದ ವಿಷಯ ತಿಳಿದೀತು.

ಇಷ್ಟೆಲ್ಲ ಒದಗಿದರೂ ಕಾನೂನಿನ ಕಣ್ಣಿಗೆ ಕಾಣದಿರುವ ಒಂದಂಶವಿದೆ. ಹದಿನೆಂಟು ವರ್ಷ ತುಂಬಿದ ದಿನ ಬಾಲೆ ಬಾಲಮಂದಿರದಿಂದ ಹೊರಬರುತ್ತಾಳೆ; ಅನುಪಾಲನೆಯೆಂದು ಇಪ್ಪತ್ತೊಂದರವರೆಗೆ ಕೆಲವರಿಗೆ ನೆರವು ದೊರೆಯುತ್ತದೆ. ಅಲ್ಲಿಗೆ ಲೆಕ್ಕ ಚುಕ್ತಾ. ಆದರೆ ಕನ್ನಡನಾಡಿನ ಹೆಣ್ಣಿನ ಬಾಳಿನಲ್ಲಿ ಹುಟ್ಟಿದ ಮನೆಯ ಮಹತ್ವ ಮೊದಲಾಗುವುದೇ ಅದನ್ನು ಬಿಟ್ಟು ಹೊರಟ ಮೇಲೆ. ಗೌರಿಹಬ್ಬಕ್ಕೆ ಬಾಗಿನ ಬರುವುದು ಅಲ್ಲಿಂದ. ಚೊಚ್ಚಲ ಹೆರಿಗೆಗೆ, ಬಾಣಂತನಕ್ಕೆ ಹೋಗುವುದು ಅಲ್ಲಿಗೆ. ಗಂಡ ಕೈಮಾಡಿದ ದಿನ ‘ನಾನು ಹೋಗುತ್ತೇನೆ’ ಎಂದು ಹೇಳುವ ಧೈರ್ಯಕ್ಕೆ ಆಧಾರ ಅಲ್ಲಿ. ತವರಿದ್ದವಳನ್ನು ಅತ್ತೆಮನೆಯವರು ಕಾಣುವ ರೀತಿಯೇ ಬೇರೆ. ಬಡ ಬಾಲೆಗೆ ಹದಿನೆಂಟರವರೆಗೆ ಅನ್ನವಿಕ್ಕಿ, ಬಳಿಕ ಅಂಕಪಟ್ಟಿ, ಆಧಾರ್ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕುಗಳನ್ನು ಕೈಗಿತ್ತು ಕಳುಹಿಸುವುದರಿಂದ ಈ ಕೊರತೆ ನೀಗುವಂತಿಲ್ಲ. ಸಣ್ಣ ಮನೆಗಳಲ್ಲಿ ಒಬ್ಬ ತಾಯಿಯ ಕೈಕೆಳಗೆ ಬೆಳೆಸಬೇಕೆಂದು ಹೇಳುವುದಕ್ಕೆ ಎಲ್ಲಕ್ಕಿಂತ ಬಲವಾದ ಕಾರಣ, ನನ್ನ ಮಟ್ಟಿಗೆ, ಬುಖಾರೆಸ್ಟಿನ ಪ್ರಯೋಗವಲ್ಲ, ಇದು: ಇಲಾಖೆಯ ಮೇಲ್ವಿಚಾರಕಿಗೆ ವರ್ಗವಾಗುತ್ತದೆ, ನಿವೃತ್ತಿಯಾಗುತ್ತದೆ, ಸಾಕಿದ ತಾಯಿ ಇದ್ದಲ್ಲಿಯೇ ಇರುತ್ತಾಳೆ, ಇಲ್ಲವೆ ತಾನಿರುವಲ್ಲಿಗೆ ಕರೆಸಿಕೊಳ್ಳುತ್ತಾಳೆ.

ತವರಾಗುವ ಈ ಕೆಲಸವನ್ನು ಸರ್ಕಾರ ಮಾಡಲಾರದು. ಮಾಡಬೇಕೆಂದು ಕೇಳುವುದೂ ಉಚಿತವಲ್ಲ. ಬಾಲಮಂದಿರದಿಂದ ಹೊರಬಂದು ಪದವಿ ಓದುವ ಹುಡುಗಿಗೆ ಹಾಸ್ಟೆಲು ಸಿಕ್ಕೀತು, ಶುಲ್ಕಕ್ಕೂ ದಾರಿಯಾದೀತು. ದಸರೆಯ ರಜೆಗೆ ಹಾಸ್ಟೆಲಿನ ಅಡುಗೆಮನೆ ಮುಚ್ಚಿ, ಜತೆಯ ಹುಡುಗಿಯರೆಲ್ಲ ಬಸ್ಸು ಹತ್ತಿದ ಮೇಲೆ ಅವಳು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಯಾವ ಯೋಜನೆಯಲ್ಲಿಯೂ ಉತ್ತರವಿಲ್ಲ. ಅಂಥವಳನ್ನು ಹತ್ತು ದಿನದ ಮಟ್ಟಿಗೆ ಮನೆಗೆ ಕರೆಯಬಲ್ಲ, ಮುಂದಿನ ವರ್ಷವೂ ಮರೆಯದೆ ಕರೆಯಬಲ್ಲ, ಅವಳ ಮದುವೆಯಲ್ಲಿ ಹೆಣ್ಣಿನ ಕಡೆಯವರಾಗಿ ನಿಲ್ಲಬಲ್ಲ ಕುಟುಂಬಗಳು ಪ್ರತಿ ತಾಲ್ಲೂಕಿನಲ್ಲಿಯೂ ಇವೆಯೆಂದು ನಾನು ನಂಬಿದ್ದೇನೆ. ಅದಕ್ಕೆ ಯಾವ ಸಮಿತಿಯ ಅಪ್ಪಣೆಯೂ ಬೇಕಾಗಿಲ್ಲ, ಯಾವ ಅರ್ಜಿಯನ್ನೂ ತುಂಬಬೇಕಾಗಿಲ್ಲ. ಹದಿನೆಂಟು ತುಂಬಿದವಳಾದ್ದರಿಂದ ಅವಳೊಬ್ಬಳು ಒಪ್ಪಿದರೆ ಸಾಕು.